ಡೆಲ್ಫಾಳ ಹನ್ನೆರಡನೆಯ ಹಾಡು

ಡೆಲ್ಫಾ ಸ್ಟಿಡ್‌ಹ್ಯಾಮ್ ವೇದಿಕೆ ಹತ್ತಿದ ಮೊದಲ ದಿನದಿಂದ ಅವಳ ಎಡಗಡೆ ನಿಂತು ಬಾಸ್ ವಾದ್ಯ ನುಡಿಸಿದವನು ನಾನು. ಊರಿಂದೂರಿಗೆ ಬಸ್ಸು ಓಡಿಸಿದವನೂ ನಾನೇ. ನನ್ನ ಹೆಸರು ಹಾಬರ್ಟ್ ಗೇಹಾರ್ಟ್. ಕೆಂಟಕಿಯ ಬೆಟ್ಟಗಳ ಕಡೆಯವರೆಲ್ಲ ಹಾಬ್ ಅನ್ನುತ್ತಾರೆ. ಡೆಲ್ಫಾಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ರೇಡಿಯೋದಲ್ಲಿ ಗಂಟೆಗಟ್ಟಲೆ ಮಾತಾಡಿದ್ದಾರೆ. ಆದರೆ ಅವಳ ಜನಪ್ರಿಯ ಹಾಡುಗಳ ರೆಕಾರ್ಡಿನಲ್ಲಿ ಕೊನೆಯದಾಗಿ ಬರುವ ಆ ಹಾಡು ಹೇಗೆ ಆಯಿತೆಂದು ಕಣ್ಣಾರೆ ಕಂಡವರು ನಾಲ್ಕೇ ಜನ. ಅವರಲ್ಲಿ ಬಾಯಿ ಸುಮ್ಮನಿರದವನು ನಾನೊಬ್ಬನೇ.

ಎಪ್ಪತ್ತಾರನೆಯ ಇಸವಿಯ ಸೆಪ್ಟೆಂಬರ್. ನ್ಯಾಶ್‌ವಿಲ್‌ನ ಒಂದು ಕಂಪನಿ ಡೆಲ್ಫಾಳ ಹನ್ನೆರಡು ಹೆಸರಾಂತ ಹಾಡುಗಳನ್ನು ಒಟ್ಟಿಗೆ ತರುತ್ತೇವೆಂದು ಮುಂದೆ ಬಂತು. ಮೊದಲು ಅವಳ ಹಾಡುಗಳನ್ನು ತಂದಿದ್ದ ಕಂಪನಿ ಬಾಗಿಲು ಹಾಕಿ ವರ್ಷಗಳಾಗಿದ್ದವು, ಅದರ ಟೇಪುಗಳು ಎಲ್ಲಿ ಹೋದವೋ ದೇವರೇ ಬಲ್ಲ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಹಾಡಬೇಕಾಯಿತು.

"ಐವತ್ತರ ಹತ್ರ ಬಂದವಳು ಮೂವತ್ತರ ಗೋಳನ್ನ ಮತ್ತೆ ಹಾಡ್ಬೇಕಲ್ಲೋ ಹಾಬ್! ಅರ್ಧ ಗೋಳು ಯಾತಕ್ಕೆ ಅಂತಾನೇ ಮರೆತುಹೋಗಿದೆ" ಎಂದು ಡೆಲ್ಫಾ ನಕ್ಕಳು. ಅವಳ ನಗು ದೊಡ್ಡದು. ಸ್ಟುಡಿಯೋದ ಗಾಜಿನ ಆಚೆ ಕೂತವರೂ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನು ಸರಿಸಿಕೊಂಡರು.

ರೆಕಾರ್ಡಿನ ಉಸ್ತುವಾರಿ ಪ್ಲೆಜರ್ ಎಂಬ ಮೂವತ್ತು ವರ್ಷದವನದು. ಅವನು ಡೆಲ್ಫಾಳ ಹಾಡು ಕೇಳಿಕೊಂಡೇ ಬೆಳೆದವನು, ಅವಳ ಎದುರು ಕೂತರೆ ಕಾಫಿ ಕುಡಿಯುವುದನ್ನೇ ಮರೆಯುತ್ತಿದ್ದ. ನಾಲ್ಕು ದಿನದಲ್ಲಿ ಹನ್ನೊಂದು ಹಾಡು ಮುಗಿದವು. ಡೆಲ್ಫಾ ಎಂದಿನಂತೆ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತು ಹಾಡಿದಳು. ದನಿಗೆ ವಯಸ್ಸಿನ ಒಗರು ಬಂದಿತ್ತು, ಆದರೆ ಮೇಲಿನ ಸ್ವರಗಳು ಇನ್ನೂ ಕೈಬಿಟ್ಟಿರಲಿಲ್ಲ.

ಐದನೆಯ ದಿನ ಉಳಿದದ್ದು 'ಎರಡು ತಟ್ಟೆ'. ಅವಳನ್ನು ಡೆಲ್ಫಾ ಸ್ಟಿಡ್‌ಹ್ಯಾಮ್ ಮಾಡಿದ್ದೇ ಆ ಹಾಡು.

ಎರಡು ತಟ್ಟೆ ಇಟ್ಟಿದ್ದೀನಿ, ಒಂದರಲ್ಲಿ ಊಟ,
ಇನ್ನೊಂದರಲ್ಲಿ ಕಿಟಕಿಯಿಂದ ಬಿದ್ದ ಸಂಜೆ ಬೆಳಕು.

ಕೇಳಿದವರೆಲ್ಲ ಅದು ಬಿಟ್ಟುಹೋದ ಗಂಡನ ಹಾಡೆಂದೇ ತಿಳಿದಿದ್ದರು. ಅಲ್ಲ. ಡೆಲ್ಫಾಳಿಗೆ ಒಂಬತ್ತು ವರ್ಷವಿದ್ದಾಗ ಅವಳಪ್ಪ ಕಲ್ಲಿದ್ದಲು ಗಣಿಯೊಳಗೆ ಹೋದವನು ಬರಲಿಲ್ಲ. ಅವಳಮ್ಮ ಆ ಚಳಿಗಾಲ ಪೂರ್ತಿ ಅವನ ತಟ್ಟೆಯನ್ನೂ ಮೇಜಿನ ಮೇಲೆ ಇಡುತ್ತಿದ್ದಳು. ಊಟವಾದ ಮೇಲೆ ಆ ಖಾಲಿ ತಟ್ಟೆಯನ್ನೂ ಉಳಿದವುಗಳ ಜೊತೆ ತೊಳೆಯುತ್ತಿದ್ದವಳು ಹದಿನೈದು ವರ್ಷದ ಅಕ್ಕ ಓಮಾ. ತೊಳೆಯುತ್ತ ತಂಗಿಗೆ ಕೇಳುವಂತೆ ಗುನುಗುತ್ತಿದ್ದಳು. ಆ ಗುನುಗೇ ಮುಂದೆ ಹಾಡಾಯಿತು. ಹಳೆಯ ರೆಕಾರ್ಡಿನಲ್ಲಿ ಡೆಲ್ಫಾಳ ದನಿಯ ಮೇಲೆ ಇನ್ನೊಂದು ದನಿ ತೆಳ್ಳಗೆ ಹೋಗುತ್ತಿತ್ತಲ್ಲ, ಅದು ಓಮಾಳದು.

ಆ ಜಾಗಕ್ಕೆ ಪ್ಲೆಜರ್ ಜೊನೆಲ್ ಎಂಬ ಹುಡುಗಿಯನ್ನು ಕರೆಸಿದ್ದ. ಒಂದು ಸ್ವರ ಆಚೀಚೆ ಆಗಲಿಲ್ಲ. ಮೂರು ಸಲ ಹಾಡಿದರು. ಮೂರನೆಯದು ಮುಗಿದ ಮೇಲೆ ಡೆಲ್ಫಾ ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳತೊಡಗಿದಳು.

"ಏನಾಯ್ತಮ್ಮ? ಚೆನ್ನಾಗೇ ಬಂತಲ್ಲ!" ಎಂದ ಪ್ಲೆಜರ್.

"ಚೆನ್ನಾಗೇ ಬಂತು ಮಗಾ. ಅದೇ ತೊಂದ್ರೆ." ಡೆಲ್ಫಾ ಜೊನೆಲ್ ಕಡೆ ತಿರುಗಿದಳು. "ನಿಂದೇನೂ ತಪ್ಪಿಲ್ಲ ಕಣೆ ಪುಟ್ಟಿ, ನಿನ್ನ ಗಂಟಲು ಜೇನು. ಆದ್ರೆ ಈ ಹಾಡಲ್ಲಿ ನನ್ನ ತಲೆ ಮೇಲೆ ಒಬ್ಳು ಕೂತಿದಾಳೆ. ಅವ್ಳು ಇಳಿಯೋದೂ ಇಲ್ಲ, ಬೇರೆಯವ್ರಿಗೆ ಜಾಗ ಬಿಡೋದೂ ಇಲ್ಲ." ಆಮೇಲೆ ನನ್ನ ಕಡೆ ನೋಡಿ, "ಹಾಬ್, ನಾಳೆ ಬೆಳಿಗ್ಗೆ ಕಾರು ತೆಗಿ" ಎಂದಳು.

"ಎಲ್ಲಿಗೆ?" ಗೊತ್ತಿದ್ದೂ ಕೇಳಿದೆ.

"ಟ್ರೇಸ್ ಹಳ್ಳಕ್ಕೆ. ಅಕ್ಕನ ಹತ್ರ."

ಓಮಾಳನ್ನು ನಾನು ಕರೆಯುತ್ತಿದ್ದುದು ಓಮಕ್ಕ ಎಂದೇ. ಓಮಕ್ಕ ಹಾಡು ಬಿಟ್ಟು ಹೋದದ್ದರಲ್ಲಿ ನನ್ನ ಪಾಲೂ ಇತ್ತು.

ಅದು ಹತ್ತು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ಅಕ್ಕತಂಗಿಯರಿಬ್ಬರೂ ಅಮ್ಮ ಹೊಲಿದ ಒಂದೇ ಬಗೆಯ ನೀಲಿ ಉಡುಪು ತೊಟ್ಟು, ಒಂದೇ ಮೈಕಿನ ಮುಂದೆ ಕೆನ್ನೆಗೆ ಕೆನ್ನೆ ತಾಗುವಂತೆ ನಿಂತು ಹಾಡುತ್ತಿದ್ದರು. ಮೊದಲ ಸಲ ಟಿವಿಯಿಂದ ಕರೆ ಬಂದಾಗ ಹಳೆಯ ಕಂಪನಿಯವನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ಪರದೆಯ ಮೇಲೆ ಒಂದೇ ಮುಖ ಇದ್ದರೆ ಚೆಂದ, ತಂಗಿ ಮುಂದೆ ನಿಲ್ಲಲಿ, ಅಕ್ಕ ಹಿಂದಿನ ತೆರೆಯ ಮರೆಯಿಂದ ಹಾಡಲಿ ಎಂದ. "ನೀನೇ ಹೇಳು, ನಿನ್ನ ಮಾತು ಕೇಳ್ತಾಳೆ" ಎಂದೂ ಸೇರಿಸಿದ. ನನಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ, ಹೋಗಿ ಹೇಳಿದೆ. ಓಮಕ್ಕ ನೇರ ಹೋಗಿ ತೆರೆಯ ಹಿಂದೆ ನಿಂತು ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೆ ಆ ನೀಲಿ ಉಡುಪು ಬಿಚ್ಚಿ, ಮಡಚಿ, ನನ್ನ ಕೈಗಿಟ್ಟಳು.

"ಹಾಡು ಮುಗಿಸ್ಕೊಟ್ಟಿದೀನಿ. ಇನ್ನು ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಬಿಡು."

ಬಿಟ್ಟು ಬಂದೆ. ಮುಂದಿನ ತಿಂಗಳು ಅವಳು ಬೆಟ್ಟದೂರಾದ ಟ್ರೇಸ್ ಹಳ್ಳದ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳೆಂದು ಸುದ್ದಿ ಬಂತು. ಅಕ್ಕತಂಗಿಯರ ನಡುವೆ ಕ್ರಿಸ್‌ಮಸ್‌ಗೊಂದು ಕಾಗದ, ಅಮ್ಮ ತೀರಿಕೊಂಡಾಗ ನಾಲ್ಕು ಮಾತು. ಹತ್ತು ವರ್ಷದಲ್ಲಿ ಆದದ್ದು ಅಷ್ಟೇ.

ಮರುದಿನ ದಾರಿಯುದ್ದಕ್ಕೂ ಡೆಲ್ಫಾ ಒಂದು ಬಾಟಲಿ ಉಪ್ಪು ಹುಳಿಯಲ್ಲಿ ನೆನೆಸಿದ ಸೌತೆಕಾಯಿ ಖಾಲಿ ಮಾಡಿದಳು. ಹೆದರಿಕೆಯಾದಾಗ ಹುಳಿ ತಿನ್ನುವುದು ಅವಳ ಚಾಳಿ. ಬೆಟ್ಟದ ತಿರುವುಗಳು ಶುರುವಾದ ಮೇಲೆ, "ಮುಖ ನೋಡಿ ಬಾಗಿಲು ಹಾಕ್ಬಿಟ್ರೆ ಏನೋ ಮಾಡೋದು?" ಎಂದು ಕೇಳಿದಳು.

"ಅದು ಶಾಲೆ. ಹನ್ನೊಂದೂವರೆಗೆ ಬಾಗಿಲು ತೆಗೆದೇ ಇರುತ್ತೆ" ಎಂದೆ.

ನಾವು ಹೋಗುವ ಹೊತ್ತಿಗೆ ಮಕ್ಕಳ ಊಟದ ಸಾಲು ಗೋಡೆಗುಂಟ ನಿಂತಿತ್ತು. ಸಾಲಿನ ತುದಿಯಲ್ಲಿ, ಕೂದಲು ಉದುರದಂತೆ ತಲೆಗೆ ಬಲೆ ಕಟ್ಟಿ, ಸೌಟು ಹಿಡಿದು ನಿಂತವಳು ಓಮಕ್ಕ. ಐವತ್ತೈದು ತುಂಬಿತ್ತು. ತೋಳು ದಪ್ಪಗಾಗಿತ್ತು, ಹುಬ್ಬು ಬಿಳಿಯಾಗಿತ್ತು. ನಮ್ಮನ್ನು ನೋಡಿದಳು. ಸೌಟು ಅರ್ಧ ಕ್ಷಣ ಗಾಳಿಯಲ್ಲಿ ನಿಂತಿತು, ಮತ್ತೆ ಬೀನ್ಸ್ ಪಾತ್ರೆಗೆ ಇಳಿಯಿತು.

"ಅಕ್ಕ..." ಎಂದು ಡೆಲ್ಫಾ ನೇರ ಮುಂದೆ ಹೋದಳು.

"ಸಾಲಲ್ಲಿ ಬಾ" ಎಂದಳು ಓಮಕ್ಕ. "ಇಲ್ಲಿ ಎಲ್ರೂ ಸಾಲಲ್ಲೇ ಬರೋದು."

ದೇಶದ ಅರ್ಧ ರೇಡಿಯೋಗಳಲ್ಲಿ ಹಾಡಿದ ಹೆಂಗಸು ತಟ್ಟೆ ಹಿಡಿದು ಎರಡನೆಯ ತರಗತಿ ಮಕ್ಕಳ ಹಿಂದೆ ನಿಂತಳು. ಅವಳ ಹಿಂದೆ ನಾನು. ಮುಂದೆ ನಿಂತಿದ್ದ ಹಲ್ಲಿಲ್ಲದ ಪುಟ್ಟ ಹುಡುಗಿಯೊಬ್ಬಳು ತಿರುಗಿ ಡೆಲ್ಫಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವ್ಯಾಕೆ ಇಲ್ಲಿ ಊಟ ಮಾಡ್ತೀರಿ? ನಿಮ್ಮನೇಲಿ ಮಾಡಲ್ವಾ?"

"ಅವ್ರು ನಮ್ಮಕ್ಕ ಕಣೆ" ಎಂದಳು ಡೆಲ್ಫಾ.

"ಹಂಗಾದ್ರೆ ಕೋಸು ಬೇಡ ಅನ್ಬೇಡಿ. ಬೈತಾರೆ."

ಡೆಲ್ಫಾ ಬೇಡವೆನ್ನಲಿಲ್ಲ. ಬೀನ್ಸು, ಹುಳಿಕೋಸು, ಜೋಳದ ಬ್ರೆಡ್ಡು, ಪಾಕದಲ್ಲಿ ಹಾಕಿದ ಪೀಚ್ ಹಣ್ಣು, ಎಲ್ಲ ತಟ್ಟೆಗೆ ಬಿತ್ತು. ಬಡಿಸುವಾಗ ಓಮಕ್ಕ ತಲೆಯೆತ್ತಲಿಲ್ಲ. ಆದರೆ ಬ್ರೆಡ್ಡಿನ ಮೂಲೆಯ ತುಂಡು, ಆ ಗರಿಗರಿಯಾದದ್ದು, ತಂಗಿಯ ತಟ್ಟೆಗೆ ಬಿದ್ದದ್ದನ್ನು ನಾನು ನೋಡಿದೆ. ನನಗೆ ನಡುವಿನ ಮೆತ್ತನೆಯ ತುಂಡು ಸಿಕ್ಕಿತು.

ಮಕ್ಕಳು ಹೋದ ಮೇಲೆ ನಾವು ಅಡುಗೆಮನೆಗೆ ಹೋದೆವು. ಓಮಕ್ಕ ದೊಡ್ಡ ಹಂಡೆಯೊಂದನ್ನು ಉಜ್ಜುತ್ತಿದ್ದಳು. ಡೆಲ್ಫಾ ಪಕ್ಕದಲ್ಲಿದ್ದ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸಲು ಶುರುಮಾಡಿದಳು.

"ಅದು ಕೈ ಒರ್ಸೋದು. ಪಾತ್ರೆದು ಆ ಕಡೆ ಇದೆ."

ಡೆಲ್ಫಾ ಬಟ್ಟೆ ಬದಲಾಯಿಸಿದಳು. ಸುಮಾರು ಹತ್ತು ತಟ್ಟೆ ಒರೆಸಿದ ಮೇಲೆ ಹೇಳಿದಳು: "ಆವತ್ತು ನಂಗೆ ಮೊದ್ಲೇ ಗೊತ್ತಿತ್ತು ಅಕ್ಕ. ನಿನ್ನನ್ನ ತೆರೆ ಹಿಂದೆ ನಿಲ್ಲಿಸ್ತಾರೆ ಅಂತ. ನಂಗೆ ಹೇಳೇ ಆಮೇಲೆ ಹಾಬ್‌ನ ಕಳ್ಸಿದ್ದು. ನಾನು ಕನ್ನಡಿ ಮುಂದೆ ಕೂತು ತಲೆ ಬಾಚ್ಕೊಳ್ತಾನೇ ಇದ್ದೆ. ಎದ್ದು ಬಂದು ಆಗಲ್ಲ ಅನ್ಬೋದಿತ್ತು. ಅನ್ಲಿಲ್ಲ."

ನನಗೂ ಅದು ಆವತ್ತೇ ತಿಳಿದದ್ದು. ಹತ್ತು ವರ್ಷ ನಾನೊಬ್ಬನೇ ಹೊತ್ತಿದ್ದೇನೆಂದು ತಿಳಿದುಕೊಂಡಿದ್ದ ಹೊರೆಗೆ ಇನ್ನೊಂದು ಹೆಗಲೂ ಇತ್ತು.

ಓಮಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಕಣೆ. ಬಾಗಿಲು ತೆಗೆದಿತ್ತು. ಕನ್ನಡೀಲಿ ನಿನ್ನ ಮುಖ ಕಾಣ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಒಂದ್ ಮಾತು ಬೈಲಿಲ್ಲ?"

"ಬೈಯೋಕೆ ನೀನು ಸಿಗ್ಬೇಕಲ್ಲ! ಅಮ್ಮನ್ನ ಮಣ್ಣು ಮಾಡಿದ ದಿನ ಎರಡು ಗಂಟೆ ಇದ್ದೆ. ಅದ್ರಲ್ಲಿ ಒಂದು ಗಂಟೆ ಜನ ನಿನ್ನ ರುಜು ತಗೊಂಡ್ರು."

ಡೆಲ್ಫಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈಯಲ್ಲಿದ್ದ ಬಟ್ಟೆ ಎತ್ತಿದಳು.

"ಅದು ಪಾತ್ರೇದು!" ಎಂದು ಓಮಕ್ಕ ಗದರಿ, ತನ್ನ ಏಪ್ರನ್ನಿನ ಅಂಚು ಹಿಡಿದು ತಂಗಿಯ ಮುಖವನ್ನು ಮಗುವಿನದನ್ನು ಒರೆಸಿದಂತೆ ಗಟ್ಟಿಯಾಗಿ ಒರೆಸಿದಳು. "ಸಾಕು. ಅತ್ತಿದ್ದು ಸಾಕು. ಮೂಗು ಕೆಂಪಾಗುತ್ತೆ ನಿಂಗೆ."

ನಾನೂ ಇದೇ ಸಮಯವೆಂದು, "ಓಮಕ್ಕ, ನಾನು ಆವತ್ತು..." ಎಂದು ಶುರುಮಾಡಿದೆ.

"ನೀನು ಸುಮ್ನಿರೋ. ಬೇರೆಯವ್ರ ಮಾತು ತಂದವ್ನ ಮೇಲೆ ನಂಗೇನು ಸಿಟ್ಟು? ಆದ್ರೆ ಬಸ್ ಸ್ಟ್ಯಾಂಡಲ್ಲಿ ನಂಗೊಂದು ಕಾಫಿ ಕೊಡ್ಸ್ಬೋದಿತ್ತು, ಹಾಬ್. ಮೂರು ಗಂಟೆ ಕೂತಿದ್ದೆ ಅಲ್ಲಿ. ಹಂಗೇ ಇಳ್ಸಿ ಹೊರಟೇಬಿಟ್ಟೆ."

ಅಷ್ಟು ವರ್ಷದಲ್ಲಿ ಆ ಕಾಫಿ ನನ್ನ ನೆನಪಿಗೇ ಬಂದಿರಲಿಲ್ಲ.

ಡೆಲ್ಫಾ ಹಾಡಿನ ವಿಷಯ ತೆಗೆದಳು. ಓಮಕ್ಕ ಕೇಳಿಸಿಕೊಂಡಳು. ನ್ಯಾಶ್‌ವಿಲ್‌ಗೆ ಬರುವುದು ಮಾತ್ರ ಸಾಧ್ಯವಿಲ್ಲವೆಂದಳು. "ಇನ್ನೂರ ನಲವತ್ತು ಮಕ್ಳು ಊಟಕ್ಕೆ ಬರ್ತಾರೆ. ಇಲ್ಲಿರೋ ಇನ್ನೊಬ್ಳು ಜೆಟ್ಟಾ, ಅವಳ ಕೈಗೆ ಕೊಟ್ರೆ ಸೋಮವಾರಾನೂ ಮೀನು, ಶುಕ್ರವಾರಾನೂ ಮೀನು. ನಿಮ್ಗೆ ಬೇಕಿದ್ರೆ ಶನಿವಾರ ನಿಮ್ಮ ಯಂತ್ರ ಇಲ್ಲಿಗೆ ತನ್ನಿ."

"ಹಾಡು ಬಿಟ್ಟು ಹತ್ತು ವರ್ಷ ಆಯ್ತಲ್ಲ ಓಮಕ್ಕ, ಗಂಟಲು..." ಎಂದೆ.

"ಬಿಟ್ಟೆ ಅಂತ ಯಾರು ಹೇಳಿದ್ದು? ದಿನಾ ಹಾಡ್ತೀನಿ ಇಲ್ಲಿ. ಜೆಟ್ಟಾಗೆ ಕಿವಿ ಮಂದ, ಅದಕ್ಕೇ ಸಹಿಸ್ಕೊಂಡಿದಾಳೆ."

ಶನಿವಾರ ಬೆಳಿಗ್ಗೆ ಪ್ಲೆಜರ್ ವ್ಯಾನಿನಲ್ಲಿ ಟೇಪಿನ ಯಂತ್ರ ಹೊತ್ತು ತಂದ. ಊಟದ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ ಮುಖ ಹುಳ್ಳಗೆ ಮಾಡಿದ. ಒಂದು ಶಬ್ದ ಮಾಡಿದರೆ ನಾಲ್ಕು ಗೋಡೆಯೂ ಮಾರುತ್ತರ ಕೊಡುತ್ತಿದ್ದವು. ಅಡುಗೆಮನೆಯಲ್ಲಿ ದೊಡ್ಡ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅದನ್ನು ಆರಿಸೋಣವೆಂದರೆ ಓಮಕ್ಕ, "ಸೋಮವಾರದ ಹಾಲಿದೆ ಅದ್ರಲ್ಲಿ, ಮುಟ್ಟಿದ್ರೆ ಗೊತ್ತಾ" ಎಂದಳು. ಕೊನೆಗೆ ಅವಳೇ ಉಗ್ರಾಣದ ಬಾಗಿಲು ತೆಗೆದಳು. ಮೂರು ಗೋಡೆಗೂ ಹಿಟ್ಟಿನ ಮೂಟೆ ಚಾವಣಿಯವರೆಗೆ ಪೇರಿಸಿಟ್ಟಿತ್ತು. ಪ್ಲೆಜರ್ ಒಳಗೆ ಹೋಗಿ ಮತ್ತೆ ಚಪ್ಪಾಳೆ ತಟ್ಟಿದ. ಶಬ್ದ ಮೂಟೆಗಳೊಳಗೆ ಮೆತ್ತಗೆ ಕೂತಿತು. ಅವನ ಮುಖ ಅರಳಿತು.

"ಅಮ್ಮ, ಇಂಥ ಕೋಣೆ ಕಟ್ಟೋಕೆ ನಾವು ಅಲ್ಲಿ ಎಷ್ಟು ಕಷ್ಟ ಪಡ್ತೀವಿ ಗೊತ್ತಾ?"

"ಬರೀ ಹಿಟ್ಟು ತರ್ಸಿದ್ರೆ ಆಗ್ತಿತ್ತಲ್ಲಪ್ಪ" ಎಂದಳು ಓಮಕ್ಕ.

ಒಂದೇ ಮೈಕು ನಿಲ್ಲಿಸಿದ. ಡೆಲ್ಫಾ ಗಿಟಾರ್ ಕೊರಳಿಗೆ ಹಾಕಿಕೊಂಡಳು. ನಾನು ಬಾಸ್ ಹಿಡಿದು ಪೀಚ್ ಡಬ್ಬಗಳ ನಡುವೆ ಸಿಕ್ಕಿಕೊಂಡು ನಿಂತೆ. ಶುರುಮಾಡಿದೆವು. ಮೊದಲ ಸಾಲಿಗೇ ಓಮಕ್ಕನ ದನಿ ಮೇಲೆ ಹೋಗಲು ನೋಡಿ, ಮೊಣಕಾಲು ನೋವಿನವರು ಮೆಟ್ಟಿಲ ಬುಡದಲ್ಲಿ ನಿಲ್ಲುವಂತೆ ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದಳು. ಶ್ರುತಿ ಒಂದು ಮನೆ ಇಳಿಸಿ ನೋಡಿದೆವು. ಆಗಲಿಲ್ಲ.

"ಅಲ್ಲಿಗೆ ಹತ್ತೋಕೆ ಆಗಲ್ಲ ಈಗ" ಎಂದಳು ಓಮಕ್ಕ, ತನಗೆ ತಾನೇ ಎಂಬಂತೆ. "ಈ ಹಾಳು ಅಡುಗೆಮನೆ ಹಬೆ. ಕೆಳಗಡೆ ಚೆನ್ನಾಗೇ ಬರುತ್ತೆ. ಮೇಲೆ ಇಲ್ಲ." ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಸುಮ್ನೆ ನಿಮ್ಮನ್ನೆಲ್ಲ ಇಷ್ಟು ದೂರ ಕರ್ಸಿದ್ದಾಯ್ತು. ಆ ಹುಡುಗಿ ಜೊತೇನೇ ಹಾಡು, ಡೆಲ್ಫಾ."

ಪ್ಲೆಜರ್ ನೆಲ ನೋಡಿದ. ಡೆಲ್ಫಾ ಅಕ್ಕನ ತೋಳು ಹಿಡಿದು ಮತ್ತೆ ಮೈಕಿನ ಮುಂದಕ್ಕೆ ಎಳೆದಳು.

"ಮೇಲೆ ನಾನು ಹೋಗ್ತೀನಿ. ನೀನು ಹಾಡು."

"ಏನು?"

"ಹಾಡು ನಿಂದು. ನಾನು ಮೇಲಿಂದ ಜೊತೆ ಕೊಡ್ತೀನಿ."

ಪ್ಲೆಜರ್ ಮೆತ್ತಗೆ ಬಾಯಿ ತೆರೆದ. "ಅಮ್ಮ, ಇದು ನಿಮ್ಮ ರೆಕಾರ್ಡು. ಎಲ್ಲಕ್ಕಿಂತ ದೊಡ್ಡ ಹಾಡಲ್ಲಿ ನೀವೇ ಜೊತೆದನಿ ಅಂದ್ರೆ... ಜನ ಕೇಳೋದು ನಿಮ್ಮನ್ನ ಅಲ್ವಾ?"

"ಹನ್ನೊಂದು ಹಾಡಲ್ಲಿ ಕೇಳ್ತಾರಲ್ಲ ಮಗಾ, ಸಾಕಾಗಲ್ವಾ? ಯಂತ್ರ ಶುರುಮಾಡು."

ಡೆಲ್ಫಾ ಹೇಳುವಷ್ಟು ಸುಲಭ ಅದು ಆಗಿರಲಿಲ್ಲ. ಜೊತೆದನಿ ಹಾಡುವವರು ಇನ್ನೊಬ್ಬರ ಉಸಿರಿಗೆ ಕಾಯಬೇಕು, ಮಾತು ಎಲ್ಲಿ ಮುರಿಯುತ್ತದೋ ಅಲ್ಲೇ ಮುರಿಯಬೇಕು. ಡೆಲ್ಫಾ ಜೀವಮಾನದಲ್ಲಿ ಯಾರಿಗೂ ಕಾದವಳಲ್ಲ. ಎರಡು ಸಲ ಮುಂದೆ ಓಡಿದಳು.

"ನನ್ನ ಮುಂದೆ ಓಡ್ಬೇಡ" ಎಂದು ಓಮಕ್ಕ ಗದರಿದಳು. "ಗೋಡೆ ನೋಡ್ಕೊಂಡು ಹಾಡ್ತೀಯಲ್ಲ, ನನ್ನ ಬಾಯಿ ನೋಡು."

ಮೂರನೆಯ ಸಲ ಡೆಲ್ಫಾ ಅಕ್ಕನ ಕಡೆ ಪೂರ್ತಿ ತಿರುಗಿ ನಿಂತು, ಕಣ್ಣು ಅವಳ ತುಟಿಗಳಿಂದ ಕದಲಿಸದೆ ಹಾಡಿದಳು. ಹದಿಮೂರು ವರ್ಷ ವೇದಿಕೆಯ ಮೇಲೆ ಓಮಕ್ಕ ಹಾಗೆಯೇ ನಿಲ್ಲುತ್ತಿದ್ದಳು, ತಂಗಿಯ ಬಾಯಿ ನೋಡಿಕೊಂಡು. ಪಕ್ಕದಲ್ಲೇ ಇದ್ದ ನನಗೆ ಅದು ಆಗ ಕಂಡಿರಲಿಲ್ಲ, ನಾನೂ ಎಲ್ಲರಂತೆ ಡೆಲ್ಫಾಳನ್ನೇ ನೋಡುತ್ತಿದ್ದೆ. ಓಮಕ್ಕನ ದನಿ ಮರದ ಮೇಜಿನ ಹಾಗಿತ್ತು, ಅಗಲ, ಒರಟು, ಭಾರ ತಡೆಯುವಂಥದ್ದು. ಅವಳು ಆ ಹಾಡನ್ನು ದುಃಖದಿಂದ ಹಾಡಲಿಲ್ಲ. ದಿನವೂ ಮಾಡುವ ಕೆಲಸವನ್ನು ಹೇಳುವಂತೆ ಹಾಡಿದಳು: ತಟ್ಟೆ ಇಟ್ಟೆ, ಕಾದೆ, ತೊಳೆದೆ. ಅದರ ಮೇಲೆ ಡೆಲ್ಫಾಳ ದನಿ ತೆಳ್ಳಗೆ, ಒಂದಿಷ್ಟೂ ತನ್ನನ್ನು ತೋರಿಸಿಕೊಳ್ಳದೆ ಹೋಯಿತು. ನನ್ನ ಬೆರಳುಗಳು ತಾವಾಗಿಯೇ ಓಡುತ್ತಿದ್ದವು, ಕಣ್ಣು ಮಂಜಾಗಿತ್ತು.

ಮುಗಿದ ಮೇಲೂ ಟೇಪು ಸುತ್ತುತ್ತಲೇ ಇತ್ತು. ಓಮಕ್ಕನೇ ಮೊದಲು ಮಾತಾಡಿದಳು.

"ಕೊನೇಲಿ ನೀನು ಒಂಚೂರು ಶ್ರುತಿ ಬಿಟ್ಟೆ ಕಣೆ, ಡೆಲ್ಫಾ."

"ಬಿಟ್ಟೆ" ಎಂದಳು ಡೆಲ್ಫಾ. "ಮತ್ತೊಂದ್ಸಲ ಹಾಡೋಣ್ವಾ?"

"ಬೇಡ. ಇರ್ಲಿ. ಮನುಷ್ಯರು ಹಾಡಿದ್ದು ಅಂತ ಗೊತ್ತಾಗ್ಲಿ."

ಪ್ಲೆಜರ್ ಯಂತ್ರ ನಿಲ್ಲಿಸುವುದನ್ನೇ ಮರೆತಿದ್ದ. ಆ ಮಾತುಗಳೂ ಟೇಪಿನಲ್ಲಿ ಉಳಿದವು. ಕಂಪನಿಯವರು ಕತ್ತರಿಸಬೇಕೆಂದರೂ ಅವನು ಬಿಡಲಿಲ್ಲ, ರೆಕಾರ್ಡಿನ ಕೊನೆಗೆ ಇವತ್ತಿಗೂ ಅವು ಕೇಳಿಸುತ್ತವೆ.

ಹೊದಿಕೆಯ ಮುಂಭಾಗದಲ್ಲಿ ಅಕ್ಕನ ಹೆಸರನ್ನೂ ತನ್ನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಬೇಕೆಂದು ಡೆಲ್ಫಾ ಹಟ ಹಿಡಿದಳು. ಓಮಕ್ಕ ಒಪ್ಪಲಿಲ್ಲ. "ಆ ಹನ್ನೊಂದು ನಿನ್ನ ದುಡಿಮೆ, ಅದರಲ್ಲಿ ನಂಗ್ಯಾಕೆ ಪಾಲು? ಹನ್ನೆರಡನೇದರ ಪಕ್ಕ ಮಾತ್ರ ಸರಿಯಾಗಿ ಬರ್ಸು: ಹಾಡಿದವಳು ಓಮಾ, ಜೊತೆಗೆ ಡೆಲ್ಫಾ." ಹಾಗೆಯೇ ಬರೆಸಿದರು. ಮುಂದಿನ ವಸಂತದಲ್ಲಿ ರೆಕಾರ್ಡು ಬಂತು. ಮೊದಲ ಹನ್ನೊಂದು ಹಾಡನ್ನು ಜನ ಹಳೆಯ ನೆಂಟರನ್ನು ಕಂಡಂತೆ ಕಂಡರು. ಹನ್ನೆರಡನೆಯದನ್ನು ರೇಡಿಯೋದವರಿಗೆ ಕಾಗದ ಬರೆದು ಬರೆದು ಹಾಕಿಸಿಕೊಂಡು ಕೇಳಿದರು. ಟ್ರೇಸ್ ಹಳ್ಳದ ಶಾಲೆಗೆ ಕಾಗದಗಳು ಬರತೊಡಗಿದವು. ಗಣಿ ಊರುಗಳ ಹೆಂಗಸರೇ ಹೆಚ್ಚು ಬರೆಯುತ್ತಿದ್ದರು. ಇದು ಯಾರ ತಟ್ಟೆಯ ಹಾಡೆಂದು ಅವರಿಗೆ ಈ ಸಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಮಕ್ಕ ಒಂದೊಂದಕ್ಕೂ ಉತ್ತರ ಬರೆದಳು.

ಆ ಜೂನ್‌ನಲ್ಲಿ ಶಾಲೆಗೆ ರಜೆ ಬಿದ್ದ ಮರುದಿನ ಅವಳು ಒಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಬಸ್ಸು ಹತ್ತಿದಳು. ಆರು ಊರಲ್ಲಿ ಹಾಡುವುದು, ಆಗಸ್ಟಿನ ಹೊತ್ತಿಗೆ ವಾಪಸ್ಸು, ಅಷ್ಟೇ ಕರಾರು. ನನ್ನ ಹಿಂದಿನ ಸೀಟಿನಲ್ಲೇ ಕೂತು, "ಇಷ್ಟು ಜೋರಾಗಿ ತಿರುಗಿಸ್ತಾರಾ?" "ಆ ಲಾರಿಗೆ ದಾರಿ ಬಿಡೋ" ಎಂದು ಲೆಕ್ಸಿಂಗ್‌ಟನ್‌ವರೆಗೆ ನನಗೆ ಬಸ್ಸು ಓಡಿಸುವುದನ್ನು ಕಲಿಸಿದಳು. ಡೆಲ್ಫಾ ಅವಳ ಪಕ್ಕದಲ್ಲಿ ಕೂತು ಒಂದೇ ಸಮನೆ ಮಾತಾಡಿದಳು, ಹತ್ತು ವರ್ಷದ್ದು. ಮಧ್ಯಾಹ್ನ ಕನ್ನಡಿಯಲ್ಲಿ ನೋಡುತ್ತೇನೆ, ಅವಳು ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಓಮಕ್ಕ ಅಲುಗಾಡದೆ ನೇರ ಕೂತಿದ್ದಳು.

"ಹಾಬ್, ಗುಂಡಿ ನೋಡ್ಕೊಂಡು ಹೋಗು" ಎಂದಳು ಪಿಸುದನಿಯಲ್ಲಿ. "ಇವ್ಳು ಎದ್ರೆ ಮತ್ತೆ ಶುರುಮಾಡ್ತಾಳೆ."